ಎರಡು ದಿನ, ಒಂದೇ ಹೊಟ್ಟೆ

ಎಲ್ಲರಿಗೂ ನಮಸ್ಕಾರ.

ಊಟಕ್ಕೆ ಸ್ವಲ್ಪ ಮುಂಚೆ ನನ್ನ ಮಾತು ಇಟ್ಟಿದ್ದಾರೆ. ಶನಿವಾರ, ಭಾನುವಾರ ಊರೂರಿನ ಹೆಸರುವಾಸಿ ತಿಂಡಿ ಹುಡುಕಿಕೊಂಡು ಹೋಗುವುದೇ ನನ್ನ ವಿಷಯ. ಹಸಿದವರ ಮುಂದೆ ತಿಂಡಿಯ ವಿಷಯ ಎತ್ತಿದರೆ ಯಾರೂ ತೂಕಡಿಸುವುದಿಲ್ಲ, ಆ ಮಟ್ಟಿಗೆ ನಾನು ಬಚಾವು. ಆದರೆ ಜಾಸ್ತಿ ಎಳೆದರೆ ಎದ್ದು ಹೋಗುತ್ತೀರಿ ಅನ್ನುವುದೂ ಗೊತ್ತು.

ಮೊದಲು ನನ್ನ ಪೆದ್ದುತನದ ಕಥೆ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಶನಿವಾರ, ಭಾನುವಾರ ಕಳೆಯಲು ಒಂದು ಊರಿಗೆ ಹೋಗಿದ್ದೆ. ಊರಿನ ಹೆಸರು ಬೇಡ, ತಪ್ಪು ಊರಿನದಲ್ಲ. ಕೈಯಲ್ಲಿ ಪಟ್ಟಿ ಇತ್ತು. ಹನ್ನೊಂದು ತಿಂಡಿ, ಹನ್ನೊಂದು ಅಂಗಡಿ. ಬಸ್ಸಿಳಿದಾಗ ಹಸಿವು ತಡೆಯಲಾಗಲಿಲ್ಲ. ನಿಲ್ದಾಣದ ಪಕ್ಕದಲ್ಲೇ ಸಿಕ್ಕಿದ್ದನ್ನು ಹೊಟ್ಟೆ ಬಿರಿಯ ತಿಂದೆ. ಏನು ತಿಂದೆ ಅಂತ ಇವತ್ತು ಕೇಳಿದರೆ ನೆನಪಿಲ್ಲ. ಪಟ್ಟಿಯ ಮೊದಲನೇ ಅಂಗಡಿ ಮುಟ್ಟುವಾಗ ಮಧ್ಯಾಹ್ನ ಮೂರು ಗಂಟೆ. ಅಲ್ಲಿ ಪಾತ್ರೆ ತೊಳೆಯುತ್ತಿದ್ದರು. ಅದು ಬೆಳಗಿನ ತಿಂಡಿಯಂತೆ. ಅಷ್ಟು ದೂರದಿಂದ ಬಂದಿದ್ದೀನಿ ಅಂತ ಗೋಗರೆದೆ. ತಳದಲ್ಲಿ ಉಳಿದದ್ದನ್ನು ಬಿಸಿ ಮಾಡಿ ಕೊಟ್ಟರು. ತಿಂದೆ. ಇದಕ್ಕಾ ಇಷ್ಟೊಂದು ಹೆಸರು ಅಂತ ಮೂಗು ಮುರಿದೆ.

ಆಮೇಲೆ ಯೋಚಿಸಿದಾಗ ಗೊತ್ತಾಯಿತು, ನಾನು ಅಂಗಡಿಯ ವಿಳಾಸ ಕೇಳಿದ್ದೆ, ಹೊತ್ತು ಕೇಳಿರಲಿಲ್ಲ. ಇವತ್ತು ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ. ಹೆಸರುವಾಸಿ ತಿಂಡಿಗೆ ಒಂದು ಊರು ಇರುವ ಹಾಗೆ ಒಂದು ಹೊತ್ತೂ ಇರುತ್ತದೆ. ಊರು ಸರಿಯಿದ್ದು ಹೊತ್ತು ತಪ್ಪಿದರೆ ನೀವು ತಿನ್ನುವುದು ಬೇರೆಯೇ ತಿಂಡಿ.

ಜರ್ಮನಿಯ ಮ್ಯೂನಿಕ್ ನಗರವನ್ನೇ ನೋಡಿ. ಅಲ್ಲಿ ವೈಸ್‌ವುರ್ಸ್ಟ್ ಅಂತ ಬಿಳಿ ಸಾಸೇಜ್ ಇದೆ. ಮಧ್ಯಾಹ್ನ ಹನ್ನೆರಡರ ಚರ್ಚ್ ಗಂಟೆ ಅದರ ಕಿವಿಗೆ ಬೀಳಬಾರದು ಅನ್ನುವ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಅಂದರೆ ಅಷ್ಟರೊಳಗೆ ತಿಂದು ಮುಗಿಸಬೇಕು. ಕೇಳಿದರೆ ಏನೋ ಶಾಸ್ತ್ರ ಅನಿಸುತ್ತದೆ, ಅಲ್ವಾ? ಶಾಸ್ತ್ರ ಅಲ್ಲ, ಫ್ರಿಜ್ ಇಲ್ಲದ ಕಾಲದ ಲೆಕ್ಕ. ಎಳೆ ಕರುವಿನ ಮಾಂಸದಲ್ಲಿ ಬೆಳಗಿನ ಜಾವ ಮಾಡುತ್ತಿದ್ದರು. ಹೊಗೆ ಹಾಕಿ ಒಣಗಿಸುತ್ತಿರಲಿಲ್ಲ. ಹೊತ್ತೇರಿದರೆ ಕೆಡುತ್ತಿತ್ತು. ಈಗ ಫ್ರಿಜ್ ಬಂದಿದೆ, ಕೆಡುವ ಭಯ ಹೋಗಿದೆ, ಆದರೂ ಬೆಳಗ್ಗೆ ತಿನ್ನುವ ರೂಢಿ ಉಳಿದಿದೆ.

ಇದಕ್ಕೆ ಪೂರ್ತಿ ಉಲ್ಟಾ ಮೆಕ್ಸಿಕೋ ಸಿಟಿ. ಅಲ್ಲಿನ ಟಾಕೋಸ್ ಅಲ್ ಪಾಸ್ತೋರ್ ಸಂಜೆಗೆ ಕಳೆಗಟ್ಟಿ ನಡುರಾತ್ರಿವರೆಗೂ ನಡೆಯುವ ತಿಂಡಿ. ನೆಟ್ಟಗೆ ನಿಲ್ಲಿಸಿದ ಸರಳಿಗೆ ಹಂದಿಮಾಂಸದ ಪದರಗಳನ್ನು ಪೋಣಿಸಿ ಉರಿಯ ಪಕ್ಕ ತಿರುಗಿಸುತ್ತಾರೆ. ಹೊರಗಡೆ ಬೆಂದಷ್ಟನ್ನೇ ಕತ್ತಿಯಿಂದ ಹೆರೆದು ಕೊಡುತ್ತಾರೆ. ಜನ ಜಾಸ್ತಿ ಇದ್ದಷ್ಟೂ ಸರಳು ಚುರುಕಾಗಿ ಕರಗುತ್ತದೆ, ನಿಮಗೆ ಸಿಗುವ ಚೂರು ಆಗ ತಾನೇ ಬೆಂದದ್ದಾಗಿರುತ್ತದೆ. ಜನ ಇಲ್ಲದ ಹೊತ್ತಿನಲ್ಲಿ ಹೋದರೆ ಅದೇ ಮಾಂಸ ಒಣಗಿ ಕೂತಿರುತ್ತದೆ. ಸರದಿ ಕಂಡು ಬೇಸರ ಮಾಡಿಕೊಳ್ಳಬೇಡಿ ಅಂತ ನಾನು ಹೇಳುವುದು ಇದಕ್ಕೇ. ಅಂದಹಾಗೆ ಈ ಸರಳಿನ ವಿದ್ಯೆ ಮೆಕ್ಸಿಕೋದ್ದೇ ಅಲ್ಲ. ಲೆಬನಾನ್ ಕಡೆಯಿಂದ ವಲಸೆ ಹೋದವರು ಶವರ್ಮಾ ತಂದರು. ಅಲ್ಲಿ ಕುರಿಯ ಜಾಗಕ್ಕೆ ಹಂದಿ ಬಂತು, ರೊಟ್ಟಿಯ ಜಾಗಕ್ಕೆ ಮೆಕ್ಕೆಜೋಳದ ತೆಳು ರೊಟ್ಟಿ ಟೋರ್ಟಿಯಾ ಬಂತು. ಇವತ್ತು ಅದನ್ನು ಪರದೇಶದ್ದು ಅಂದರೆ ಆ ಊರಿನವರು ನಗುತ್ತಾರೆ.

ಹೊತ್ತು ತಿಳಿಯುವುದು ಹೇಗೆ? ತಿಂಡಿ ಯಾರ ಹೊಟ್ಟೆಗಾಗಿ ಹುಟ್ಟಿತು ಅಂತ ಕೇಳಿ. ಹೆಚ್ಚಿನ ಊರುಗಳ ಹೆಸರಾಂತ ತಿಂಡಿ ಅರಮನೆಯಲ್ಲಿ ಹುಟ್ಟಿದ್ದಲ್ಲ. ಒಂದೋ ದುಡಿಯುವವರ ಆತುರದ ಊಟ, ಇಲ್ಲವೇ ಮಿಕ್ಕಿದ್ದನ್ನು ಬಿಸಾಡದೆ ಮಾಡಿಕೊಂಡ ಉಪಾಯ. ಫ್ರಾನ್ಸಿನ ಮಾರ್ಸೇ ಬಂದರಿನ ಬುಯಾಬೆಸ್ ಈಗ ದೊಡ್ಡ ರೆಸ್ಟೋರೆಂಟಿನ ಮೀನು ಸಾರು. 1980ರಲ್ಲಿ ಅಲ್ಲಿನ ಕೆಲವು ರೆಸ್ಟೋರೆಂಟಿನವರು ಸೇರಿ ಅದನ್ನು ಹೀಗೇ ಮಾಡಬೇಕು ಅಂತ ಕರಾರು ಪತ್ರವನ್ನೇ ಬರೆದುಕೊಂಡರು. ಹುಟ್ಟಿದ್ದು ಮಾತ್ರ ಬೆಸ್ತರ ಮನೆಯಲ್ಲಿ. ಮುಳ್ಳು ಜಾಸ್ತಿ ಅಂತ ಯಾರೂ ಕೊಳ್ಳದ ಮೀನು ಅವರ ಪಾಲಿಗೆ ಉಳಿಯುತ್ತಿತ್ತು.

ಪೋರ್ಚುಗಲ್‌ನ ಲಿಸ್ಬನ್ ಕಥೆ ನನಗೆ ಇನ್ನೂ ಇಷ್ಟ. ಪಾಸ್ತೆಲ್ ದೆ ನಾತಾ ಅಂದರೆ ಪದರು ಪದರಾದ ಪುಟ್ಟ ಬಟ್ಟಲಿನಲ್ಲಿ ಮೊಟ್ಟೆಯ ಹಳದಿ, ಸಕ್ಕರೆ, ಹಾಲಿನ ಪಾಕ ಹಾಕಿ ಜೋರು ಬಿಸಿಯಲ್ಲಿ ಬೇಯಿಸಿದ ಸಿಹಿ. ಮೇಲೆ ಅಲ್ಲಲ್ಲಿ ಕರಿ ಕಲೆ ಬಿದ್ದಿರಬೇಕು. ಹಳದಿಯೇ ಯಾಕೆ? ಮಠಗಳಲ್ಲಿ ಮೊಟ್ಟೆಯ ಬಿಳಿಯನ್ನು ಬಟ್ಟೆಗೆ ಗಂಜಿ ಹಾಕಲು ಬಳಸುತ್ತಿದ್ದರಂತೆ. ಹಳದಿ ರಾಶಿಗಟ್ಟಲೆ ಮಿಕ್ಕುತ್ತಿತ್ತು. ಅದರಿಂದ ಸಿಹಿ ಮಾಡಿದರು. 1834ರಲ್ಲಿ ಸರಕಾರ ಆ ದೇಶದ ಮಠಗಳನ್ನು ಮುಚ್ಚಿಸಿತು. ಬೆಲೆಂ ಬಡಾವಣೆಯ ಮಠದ ಪಕ್ಕದಲ್ಲೇ 1837ರಲ್ಲಿ ಈ ಸಿಹಿಯ ಅಂಗಡಿ ಶುರುವಾಯಿತು. ಇವತ್ತಿಗೂ ಇದೆ. ಒಂದು ತುಂಡು ಕಚ್ಚುವಾಗ ಇಸ್ತ್ರಿ ಮಾಡಿದ ಬಟ್ಟೆ ನೆನಪಾದರೆ ನನ್ನನ್ನು ಬೈದುಕೊಳ್ಳಿ.

ನೇಪಲ್ಸ್ ನಗರದ ಪಿಜ್ಜಾ ಕೂಡ ಬಡವರದೇ. 'ಇವತ್ತು ತಿನ್ನು, ಎಂಟು ದಿನ ಬಿಟ್ಟು ಕೊಡು' ಅನ್ನುವ ಉದ್ದರಿ ವ್ಯವಸ್ಥೆ ಅಲ್ಲಿತ್ತು. 2017ರಲ್ಲಿ ಯುನೆಸ್ಕೋ ಅಲ್ಲಿನ ಪಿಜ್ಜಾ ಮಾಡುವವರ ಕಲೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗಮನಿಸಿ, ಸೇರಿಸಿದ್ದು ಪಿಜ್ಜಾವನ್ನಲ್ಲ, ಮಾಡುವ ಕೈಯನ್ನು. ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯ ಸೌದೆ ಒಲೆಯಲ್ಲಿ ಅದು ಬೇಯುವುದು ಒಂದರಿಂದ ಒಂದೂವರೆ ನಿಮಿಷ. ಮನೆಯ ಓವನ್ನಿನಲ್ಲಿ ಆ ಬಿಸಿ ಬರುವುದಿಲ್ಲ. ಊರಿಗೇ ಹೋಗಿ ತಿನ್ನಬೇಕು ಅನ್ನುವುದಕ್ಕೆ ಇಂಥ ಕಾರಣ ಇದ್ದರೆ ನಾನು ಒಪ್ಪುತ್ತೇನೆ. ಬರೀ ಫೋಟೋ ಚೆನ್ನಾಗಿ ಬರುತ್ತದೆ ಅನ್ನುವುದು ಕಾರಣ ಅಲ್ಲ.

ಇನ್ನು ಅಸಲಿ ಅಂಗಡಿ ಯಾವುದು ಅನ್ನುವ ಜಗಳ. ಇದರಲ್ಲಿ ನಿಮ್ಮ ಶನಿವಾರ ಹಾಳು ಮಾಡಿಕೊಳ್ಳಬೇಡಿ. ವಿಯೆನ್ನಾದಲ್ಲಿ ಸಾಖರ್ ಟಾರ್ಟ್ ಅಂತ ಚಾಕೊಲೇಟ್ ಕೇಕ್ ಇದೆ. ಅಸಲಿ ನಮ್ಮದು ಅಂತ ಒಂದು ಹೋಟೆಲ್ ಮತ್ತು ಒಂದು ಮಿಠಾಯಿ ಅಂಗಡಿ ವರ್ಷಗಟ್ಟಲೆ ಕೋರ್ಟಿಗೆ ಅಲೆದವು. ಜಾಮ್ ಕೇಕಿನ ನಡುವೆಯೂ ಇರಬೇಕೋ, ಚಾಕೊಲೇಟಿನ ಕೆಳಗೆ ಮಾತ್ರ ಇದ್ದರೆ ಸಾಕೋ ಅನ್ನುವುದೂ ಆ ವ್ಯಾಜ್ಯದಲ್ಲಿ ಬಂತು. 1963ರಲ್ಲಿ ರಾಜಿಯಾಯಿತು. 'ಅಸಲಿ' ಅನ್ನುವ ಪದ ಹೋಟೆಲಿಗೆ ಹೋಯಿತು. ಎರಡೂ ಕಡೆ ಇವತ್ತಿಗೂ ಕೇಕ್ ಮಾರುತ್ತಾರೆ, ಎರಡೂ ಕಡೆ ಜನ ತಿನ್ನುತ್ತಾರೆ.

ಈಗ ಹೊಟ್ಟೆಯ ವಿಷಯ. ನಮ್ಮ ಉತ್ಸಾಹಕ್ಕೆ ಅಳತೆ ಇಲ್ಲ, ಹೊಟ್ಟೆಗೆ ಇದೆ. ಆರಾಮಾಗಿ ಹಿಡಿಸುವುದು ಸುಮಾರು ಒಂದು ಲೀಟರ್. ಅದರಾಚೆ ಹಿಗ್ಗುತ್ತದೆ, ನಿಜ, ಆದರೆ ಆಮೇಲೆ ನಡೆಯಲು ಮನಸ್ಸು ಬರುವುದಿಲ್ಲ. ತುಂಬಿತು ಅನ್ನುವ ಸುದ್ದಿ ಮಿದುಳಿಗೆ ಮುಟ್ಟಲು ಇಪ್ಪತ್ತು ನಿಮಿಷ ಹಿಡಿಯುತ್ತದೆ ಅನ್ನುತ್ತಾರೆ. ಅವಸರದಲ್ಲಿ ಎರಡು ಅಂಗಡಿ ಮುಗಿಸಿದವರು ಮೂರನೆಯದರ ಮುಂದೆ ಬೆವರುತ್ತಾ ನಿಲ್ಲುವುದು ಇದರಿಂದಲೇ.

ಇನ್ನೊಂದು ಕುತೂಹಲದ ಸಂಗತಿ. 1980ರ ದಶಕದ ಆರಂಭದಲ್ಲಿ ಆಹಾರ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಅವರ ಜೊತೆಗಾರರು ಪ್ರಯೋಗ ಮಾಡಿ ತೋರಿಸಿದರು. ಒಂದೇ ತಿನಿಸನ್ನು ತಿನ್ನುತ್ತಾ ಹೋದರೆ ಅದರ ರುಚಿ ಮಾತ್ರ ಬೇಗ ಸಾಕಾಗುತ್ತದೆ, ಬೇರೆ ತಿನಿಸಿನ ಆಸೆ ಹಾಗೇ ಉಳಿದಿರುತ್ತದೆ. ಊಟ ಸಾಕು ಅಂದವರೂ ಐಸ್‌ಕ್ರೀಮ್ ಬಂದಾಗ ಕೈ ಚಾಚುವುದು ನೀವು ನೋಡಿಯೇ ಇದ್ದೀರಿ. ಪ್ರವಾಸಿಗೆ ಇದು ವರ. ಹತ್ತನೆಯ ತುತ್ತು ಮೊದಲ ತುತ್ತಿನಷ್ಟು ರುಚಿಸುವುದಿಲ್ಲ ಅಂದಮೇಲೆ ಹತ್ತು ತುತ್ತು ಯಾಕೆ? ನಾಲ್ಕು ಜನ ಒಂದು ತಟ್ಟೆ ತಗೊಳ್ಳಿ. ನಾಚಿಕೆ ಬೇಡ. ಸಿಹಿಯ ಹಿಂದೆ ಸಿಹಿ, ಕರಿದದ್ದರ ಹಿಂದೆ ಕರಿದದ್ದು ಇಟ್ಟುಕೊಳ್ಳಬೇಡಿ. ನಡುವೆ ಒಂದಿಷ್ಟು ನಡೆಯಿರಿ. ನನ್ನ ಲೆಕ್ಕದಲ್ಲಿ ದಿನಕ್ಕೆ ನಾಲ್ಕು ತಿಂಡಿ ಧಾರಾಳ ಆಯಿತು. ಜಪಾನಿನ ಒಸಾಕಾ ನಗರದಲ್ಲಿ 'ಕುಯಿದಾವೊರೆ' ಅನ್ನುವ ಪದ ಇದೆ, ತಿಂದು ತಿಂದೇ ದಿವಾಳಿಯಾಗು ಅಂತ. ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಮಗೆ ಸೋಮವಾರ ಕೆಲಸ ಇದೆ.

ಒಸಾಕಾ ಅಂದಾಗ ಇನ್ನೊಂದು ನೆನಪಾಯಿತು. ಮಾಂಸ, ಮೀನು ತಿನ್ನದವರು ಕಣ್ಣಿಗೆ ಕಂಡದ್ದನ್ನು ಮಾತ್ರ ಕೇಳಿದರೆ ಸಾಲದು. ಅಲ್ಲಿನ ಟಾಕೊಯಾಕಿ ಉಂಡೆಯಿಂದ ಆಕ್ಟೋಪಸ್ ತುಂಡು ತೆಗೆಸಿದರೂ ಹಿಟ್ಟಿಗೆ ಹಾಕಿದ ದಾಶಿ ಸಾರಿನಲ್ಲಿ ಒಣಮೀನು ಇರುತ್ತದೆ. 'ಇದರಲ್ಲಿ ಮಾಂಸ ಇದೆಯಾ' ಅಂದರೆ ಇಲ್ಲ ಅನ್ನುತ್ತಾರೆ, ಸುಳ್ಳೂ ಅಲ್ಲ. ಸಾರು ಯಾವುದರದ್ದು, ಕರಿದ ಕೊಬ್ಬು ಯಾವುದು ಅಂತ ಬಿಡಿಸಿ ಕೇಳಬೇಕು. ಹಾಗಂತ ಎಲ್ಲ ಕಡೆ ಪರದಾಡಬೇಕಿಲ್ಲ. ಕೈರೋದ ಕೊಶರಿ ನೋಡಿ, ಅಕ್ಕಿ, ಮಸೂರ ಬೇಳೆ, ಮ್ಯಾಕರೋನಿ, ಕಡಲೆ, ಮೇಲೆ ಟೊಮೆಟೊ ಸಾರು, ಹುರಿದ ಈರುಳ್ಳಿ. ಹೆಸರು ಕೇಳಿದರೆ ಖಿಚಡಿಯ ನೆಂಟನ ಹಾಗಿದೆ. ನಿಜವಾಗಿಯೂ ನೆಂಟನೇ ಅನ್ನುವವರು ಇದ್ದಾರೆ.

ಹೊಟ್ಟೆ ಕೆಡುವ ಭಯಕ್ಕೆ ಎರಡು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸರಳವಾಗಿದೆ. ಬಿಸಿ ಆಹಾರ 60 ಡಿಗ್ರಿಗಿಂತ ಮೇಲಿರಬೇಕು, ತಣ್ಣಗಿನದು 5 ಡಿಗ್ರಿಗಿಂತ ಕೆಳಗಿರಬೇಕು, ಬೇಯಿಸಿದ್ದನ್ನು ಎರಡು ಗಂಟೆಗಿಂತ ಜಾಸ್ತಿ ಹೊತ್ತು ಹಾಗೇ ಇಡಬಾರದು. ಥರ್ಮಾಮೀಟರ್ ಹಿಡಿದು ಹೋಗಲು ಆಗುತ್ತದಾ? ಆಗುವುದಿಲ್ಲ. ಹೊಗೆಯಾಡುತ್ತಿದೆಯಾ ನೋಡಿ. ಎದುರಿಗೇ ಬೇಯಿಸಿ ಕೊಡುವ ಗಾಡಿ, ಯಾವಾಗಲೋ ಮಾಡಿಟ್ಟ ದೊಡ್ಡ ಬಫೆಗಿಂತ ಎಷ್ಟೋ ಸಲ ವಾಸಿ. ಸಿಂಗಪುರ ಇದನ್ನು ನಗರದ ಮಟ್ಟದಲ್ಲೇ ಮಾಡಿತು. ಬೀದಿಯ ಗಾಡಿಯವರಿಗೆಲ್ಲ ಲೈಸೆನ್ಸ್ ಕೊಟ್ಟು, ನೀರು, ಚರಂಡಿ ಇರುವ ಹಾಕರ್ ಸೆಂಟರ್ ಕಟ್ಟಿಸಿ, 1980ರ ದಶಕದ ನಡುವಿನ ಹೊತ್ತಿಗೆ ಒಳಗೆ ಕರೆತಂದಿತು. ಬೀದಿಯ ಗದ್ದಲ ಹೋಯಿತು ಅನ್ನುವವರಿಗೆ ಉತ್ತರ, ಅದೇ ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಅಲ್ಲಿ ಎಷ್ಟೋ ಅಂಗಡಿಗಳಲ್ಲಿ ಒಬ್ಬರೇ ಮಾಡುವವರು, ಒಂದೇ ತಿಂಡಿ. ಅವರಿಗೂ ರಜೆ ಬೇಕು. ಆದ್ದರಿಂದ ಯಾವ ಊರಿಗೇ ಹೋಗಿ, ವಾರದ ರಜೆ ಯಾವತ್ತು ಅಂತ ಹೊರಡುವ ಮುಂಚೆ ಕೇಳಿ. ಭಾನುವಾರ ಬೀಗ ಕಂಡರೆ ಮುಂದಿನ ಭಾನುವಾರದವರೆಗೆ ಕಾಯಲು ನಿಮ್ಮ ಬಾಸ್ ಬಿಡುವುದಿಲ್ಲ.

ಕೊನೆಗೆ ಕಟ್ಟಿಸಿಕೊಂಡು ಬರುವುದು. ಇದರಲ್ಲೂ ನಾನು ಪೆಟ್ಟು ತಿಂದವನೇ. ಪೆಟ್ಟಿಗೆ ಮುಚ್ಚಿದ ಕೂಡಲೇ ಒಳಗಿನ ಬಿಸಿ ತಿಂಡಿಯ ಆವಿ ಹೊರಗೆ ಹೋಗದೆ ಮತ್ತೆ ಅದರ ಮೇಲೇ ಇಳಿಯುತ್ತದೆ. ಗರಿಗರಿ ಪದರು ಅದನ್ನು ಹೀರಿಕೊಂಡು ಮೆತ್ತಗಾಗುತ್ತದೆ. ಒಣಗಿದ್ದು, ಸಕ್ಕರೆ ಪಾಕದ್ದು, ಉಪ್ಪು ಹಾಕಿಟ್ಟದ್ದು ದೂರದ ದಾರಿ ತಾಳುತ್ತವೆ. ಗರಿಗರಿಯದ್ದು ತಾಳುವುದಿಲ್ಲ.

ನಾನು ಮೊದಲು ಹೇಳಿದ ಊರಿಗೆ ಇನ್ನೊಂದು ಸಲ ಹೋದೆ. ಈ ಸಲ ಹಸಿದುಕೊಂಡು, ಬೆಳಗ್ಗೆ ಆರು ಗಂಟೆಗೆ. ಸರದಿಯಲ್ಲಿ ನಿಂತವರೆಲ್ಲ ಕೆಲಸಕ್ಕೆ ಹೊರಟವರು. ಒಬ್ಬರೂ ಫೋಟೋ ತೆಗೆಯುತ್ತಿರಲಿಲ್ಲ. ತಿಂದೆ. ಮತ್ತೊಂದು ತಟ್ಟೆ ತಗೊಂಡೆ. ಖುಷಿ ತಡೆಯಲಾಗದೆ ಮನೆಯವರಿಗೂ ಕಟ್ಟಿಸಿಕೊಂಡೆ. ಏಳು ಗಂಟೆಯ ಪ್ರಯಾಣ. ರಾತ್ರಿ ಮನೆಯಲ್ಲಿ ಪೊಟ್ಟಣ ಬಿಚ್ಚಿದಾಗ ಅದು ಒದ್ದೆ ಬಟ್ಟೆಯ ಹಾಗೆ ಮಲಗಿತ್ತು. ಅಮ್ಮ ಒಂದು ತುತ್ತು ಬಾಯಿಗಿಟ್ಟು, ನನ್ನ ಮುಖ ನೋಡಿ ಹೇಳಿದರು, "ಇದಕ್ಕಾ ಎರಡೆರಡು ಸಲ ಹೋಗಿದ್ದು?"

ಮುಂದಿನ ಶನಿವಾರ ಅವರನ್ನೇ ಕರೆದುಕೊಂಡು ಹೊರಟಿದ್ದೇನೆ. ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ಅಲಾರಾಂ ಇಟ್ಟಾಗಿದೆ.