ಮಗು ಹೇಳಲು ಬಂದಾಗ

ಕೇಳುಗರಿಗೆ ನಮಸ್ಕಾರ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಇವತ್ತು ಮಾತಾಡಬೇಕಿದೆ. ಪಕ್ಕದಲ್ಲಿ ಮಕ್ಕಳಿದ್ದರೆ ರೇಡಿಯೊ ಆರಿಸಬೇಡಿ. ಅವರು ಕೇಳಬಾರದ್ದೇನನ್ನೂ ನಾನು ಹೇಳುವುದಿಲ್ಲ.

ಅಪರಿಚಿತರು ಏನಾದರೂ ಕೊಟ್ಟರೆ ತಗೋಬೇಡ ಅಂತ ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಹೇಳಬೇಕಾದದ್ದೇ. ಆದರೆ ಇಂಥ ಕೇಡು ಮಾಡುವವರಲ್ಲಿ ಹೆಚ್ಚಿನವರು ಮಗುವಿಗೆ ಗೊತ್ತಿರುವವರೇ. ನೆಂಟರು, ನೆರೆಯವರು, ಪಾಠ ಹೇಳುವವರು, ಕೆಲವೊಮ್ಮೆ ಸ್ವಲ್ಪ ದೊಡ್ಡ ಮಕ್ಕಳು. ಮೊದಲು ಮನೆಯವರ ನಂಬಿಕೆ ಗಳಿಸುತ್ತಾರೆ. ಮಗುವಿಗೆ ಉಡುಗೊರೆ ಕೊಡುತ್ತಾರೆ, ಜಾಸ್ತಿ ಅಕ್ಕರೆ ತೋರಿಸುತ್ತಾರೆ. ಆಮೇಲೆ ‘ಇದು ನಮ್ಮಿಬ್ಬರ ಗುಟ್ಟು’ ಅನ್ನುತ್ತಾರೆ. ಕೊನೆಗೆ ‘ಹೇಳಿದರೆ ನಿನಗೇ ಬೈಗುಳ’ ಅಂತ ಹೆದರಿಸುತ್ತಾರೆ. ಮಗು ಅದನ್ನು ಯಾಕೆ ನಂಬುತ್ತದೆ? ಲೋಟ ಒಡೆದಾಗ, ಅಂಕ ಕಡಿಮೆ ಬಂದಾಗ ನಾವು ರೇಗಿದ್ದು ಅದಕ್ಕೆ ನೆನಪಿರುತ್ತದೆ. ನಮ್ಮ ಸಿಟ್ಟೇ ಕೇಡು ಮಾಡುವವರಿಗೆ ಬಲ. ಹಾಗಾಗಿ ಚಿಕ್ಕಪುಟ್ಟ ತಪ್ಪುಗಳನ್ನು ಮಗು ಹೇಳಲು ಬಂದಾಗ ಸಮಾಧಾನದಿಂದ ಕೇಳಿ. ದೊಡ್ಡ ಮಾತನ್ನು ಹೇಳುವ ಧೈರ್ಯ ಅಲ್ಲಿಂದಲೇ ಬರುತ್ತದೆ.

ಮೂರು ನಾಲ್ಕು ವರ್ಷಕ್ಕೇ ಕಲಿಸಲು ಶುರು ಮಾಡಬಹುದು. ಸ್ನಾನ ಮಾಡಿಸುವಾಗ ಕಣ್ಣು, ಮೂಗು ಅಂತ ಹೇಳಿಕೊಡುವ ಹಾಗೆಯೇ ಗುಪ್ತಾಂಗಗಳ ಹೆಸರನ್ನೂ ನಾಚಿಕೆಯಿಲ್ಲದೆ ಹೇಳಿಕೊಡಿ. ಹೆಸರು ಗೊತ್ತಿಲ್ಲದ ಮಗು ಏನಾಯಿತು ಅಂತ ಹೇಗೆ ಹೇಳಬೇಕು? ಒಳಉಡುಪಿನ ಒಳಗಿನ ಭಾಗವನ್ನು ಯಾರೂ ಮುಟ್ಟಬಾರದು, ನೋಡಬಾರದು, ಫೋಟೋ ತೆಗೆಯಬಾರದು, ತಮ್ಮದನ್ನು ಮುಟ್ಟು ಅನ್ನಲೂಬಾರದು. ತೊಳೆಯಲು ಸಹಾಯ ಬೇಕಾದಾಗ, ಅಥವಾ ಅಪ್ಪ ಅಮ್ಮ ಜೊತೆಗಿದ್ದು ಡಾಕ್ಟರು ನೋಡಬೇಕಾದಾಗ ಮಾತ್ರ ಬೇರೆ. ಕೆಟ್ಟ ಸ್ಪರ್ಶ ನೋವು ಕೊಡುತ್ತದೆ ಅಂತಷ್ಟೇ ಕಲಿಸಿದರೆ ಸಾಲದು. ಕಚಗುಳಿಯಂತೆ, ಮುದ್ದಿನಂತೆ ಶುರುವಾದರೆ ಮಗುವಿಗೆ ಗೊಂದಲವಾಗುತ್ತದೆ.

ಇನ್ನೊಂದು ಮಾತು. ‘ಮಾಮನಿಗೆ ಮುತ್ತು ಕೊಡು’ ಅಂತ ಒತ್ತಾಯ ಮಾಡಬೇಡಿ. ಮಗು ಹಿಂಜರಿದರೆ ಬಿಟ್ಟುಬಿಡಿ. ಮನೆಯಲ್ಲೇ ಅದರ ‘ಬೇಡ’ಕ್ಕೆ ಬೆಲೆ ಇಲ್ಲದಿದ್ದರೆ ಹೊರಗೆ ಯಾವ ಧೈರ್ಯದಿಂದ ಹೇಳೀತು, ಅಲ್ವಾ?

ಕಿರುಚು, ಓಡಿಹೋಗು ಅಂತಲೂ ಕಲಿಸುತ್ತೇವೆ. ಆದರೆ ಭಯದಲ್ಲಿ ಎಷ್ಟೋ ಮಕ್ಕಳ ಮೈ ಮರಗಟ್ಟಿಹೋಗುತ್ತದೆ, ದನಿಯೇ ಹೊರಡುವುದಿಲ್ಲ. ಆಮೇಲೆ ‘ನಾನೇ ಸುಮ್ನಿದ್ದೆ’ ಅಂತ ತಮ್ಮನ್ನೇ ದೂರಿಕೊಳ್ಳುತ್ತವೆ. ಕಿರುಚಲು ಆಗದಿದ್ದರೂ ನಿನ್ನದು ತಪ್ಪಲ್ಲ, ಯಾವಾಗ ಬೇಕಾದರೂ ಬಂದು ಹೇಳು ಅಂತ ಮೊದಲೇ ಹೇಳಿಡಿ. ಗಂಡುಮಕ್ಕಳಿಗೂ ಹೇಳಿ. ಅವರ ಮೇಲೂ ದೌರ್ಜನ್ಯ ನಡೆಯುತ್ತದೆ, ಅವರು ಬಾಯಿ ಬಿಡುವುದು ಇನ್ನೂ ಕಷ್ಟ. ಫೋನಿನಲ್ಲಿ ಯಾರಾದರೂ ಫೋಟೋ ಕೇಳಿದರೂ ಇದೇ ಮಾತು. ಒಮ್ಮೆ ಕಳಿಸಿಬಿಟ್ಟಿದ್ದರೂ ಬಂದು ಹೇಳಲಿ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ 5 ಮಹಿಳೆಯರಲ್ಲಿ ಒಬ್ಬರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು. ಎಷ್ಟೋ ಜನ ದೊಡ್ಡವರಾಗುವ ತನಕ ಯಾರಿಗೂ ಹೇಳಿಲ್ಲ.

ಹಾಗಾಗಿ ಮಗು ಹೇಳಿದ ದಿನ ನಾವು ಹೇಗಿರುತ್ತೇವೆ ಎನ್ನುವುದು ಬಹಳ ಮುಖ್ಯ. ಮೊದಲು ನಂಬಿ. ‘ಹೇಳಿದ್ದು ಒಳ್ಳೆಯದಾಯಿತು, ನಿನ್ನ ತಪ್ಪಿಲ್ಲ’ ಅನ್ನಿ. ‘ಇಷ್ಟು ದಿನ ಯಾಕೆ ಹೇಳಲಿಲ್ಲ?’ ಅಂತ ಕೇಳಬೇಡಿ. ಅದೇ ಕಥೆಯನ್ನು ಮನೆಮಂದಿಗೆಲ್ಲ ಹೇಳಿಸಬೇಡಿ. ನೀವೇ ಉತ್ತರ ಬಾಯಿಗೆ ತುರುಕಬೇಡಿ. ಅದು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಡಿ. ಈಚೆಗೆ ನಡೆದಿದ್ದರೆ ಆ ಬಟ್ಟೆ ಒಗೆಯದೆ ಬೇಗ ಡಾಕ್ಟರ ಬಳಿ ಹೋಗಿ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು.

ಮಾಡಿದವರು ಮನೆಯವರೇ ಆಗಿದ್ದರೆ, ‘ಮರ್ಯಾದೆ ಹೋಗುತ್ತದೆ, ಒಳಗೊಳಗೇ ಮುಗಿಸೋಣ’ ಅನ್ನುವವರು ಇರುತ್ತಾರೆ. ಕೇಳಬೇಡಿ. ಆ ವ್ಯಕ್ತಿ ಅಂದಿನಿಂದಲೇ ಮಗುವಿನ ಹತ್ತಿರ ಸುಳಿಯಬಾರದು. ಪೊಲೀಸರಿಗೆ ಅಥವಾ ಮಕ್ಕಳ ಸಹಾಯವಾಣಿಗೆ ತಿಳಿಸಿ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 34ನೇ ವಿಧಿ ಮಕ್ಕಳನ್ನು ಇಂಥ ದೌರ್ಜನ್ಯದಿಂದ ಕಾಪಾಡುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿದೆ. ಅದೇ ಒಡಂಬಡಿಕೆಯ 12ನೇ ವಿಧಿ ತನ್ನ ವಿಷಯದಲ್ಲಿ ಮಾತಾಡುವ ಹಕ್ಕನ್ನು ಮಗುವಿಗೆ ಕೊಟ್ಟಿದೆ. ಪೊಲೀಸರಿಗೋ ಸಹಾಯವಾಣಿಗೋ ತಿಳಿಸಬೇಕಾಗುವುದರಿಂದ ‘ಯಾರಿಗೂ ಹೇಳಲ್ಲ’ ಅಂತ ಮಗುವಿಗೆ ಭಾಷೆ ಕೊಡಬೇಡಿ. ಯಾರಿಗೆ ಹೇಳಬೇಕಾಗುತ್ತದೆ, ಅವರು ಏನು ಕೇಳಬಹುದು, ಆಗ ಪಕ್ಕದಲ್ಲಿ ಯಾರು ಕೂತಿರಬೇಕು ಅಂತ ಮೊದಲೇ ಅದರ ಜೊತೆ ಮಾತಾಡಿಕೊಳ್ಳಿ.

ನಮಸ್ಕಾರ.