ಕೊಜುಮೆಲ್‌ನಲ್ಲಿ ಒಂದು ದಿನ, ಮತ್ತೆ ನಮ್ಮೆಜಮಾನ್ರ ಮೀಸೆ

ಅಗೋ, ವಿಡಿಯೋದಲ್ಲಿ ಆ ಉದ್ದದ ಜೆಟ್ಟಿ ಕಾಣ್ತಿದ್ಯಲ್ಲ, ಅದರಾಚೆ ಇರೋದೇ ಮೆಕ್ಸಿಕೋದ ಕೊಜುಮೆಲ್ ದ್ವೀಪ. ಅಲ್ಲಿನವರು ಕೊಸುಮೆಲ್ ಅಂತಾರೆ. ನನ್ನ ನಾಲಿಗೆಗೆ 'ಜು' ಅಂಟ್ಕೊಂಡ್ಬಿಟ್ಟಿದೆ, ಅಡ್ಜಸ್ಟ್ ಮಾಡ್ಕೊಳ್ಳಿ. ನಮ್ಮ ಪ್ರವಾಸಿ ಹಡಗು ಅಮೆರಿಕದ ಮಯಾಮಿ ಬಿಟ್ಟ ಮೇಲೆ ಬರೀ ನೀರು ನೋಡಿ ನೋಡಿ ಕಣ್ಣು ಬತ್ತಿತ್ತು. ಬೆಳಗ್ಗೆ ಎದ್ದು ಪರದೆ ಸರಿಸಿದ್ರೆ ಎದುರಿಗೆ ಇನ್ನೊಂದು ಹಡಗು! ಅದರ ಬಾಲ್ಕನಿಯಲ್ಲಿ ಒಬ್ಬ ಅಜ್ಜ ಹಲ್ಲುಜ್ಜುತ್ತಾ ನಿಂತಿದ್ದ. ನನಗೆ ಕೈ ಬೀಸಿದ. ಆ ಶಾಟ್ ಕತ್ತರಿಸಿಬಿಟ್ಟಿದ್ದೀನಿ, ಪಾಪ.

ಇದು ಇಳಿಯೋದು, ಇದು ನಡೆಯೋದು. ಬಂದರಿಂದ ಆಚೆ ಬರ್ಬೇಕಂದ್ರೆ ವಜ್ರದ ಅಂಗಡಿ, ಟೆಕೀಲಾ ಅಂಗಡಿ, ಮತ್ತೆ ವಜ್ರದ ಅಂಗಡಿ. ನೇರ ದಾರಿ ಅನ್ನೋದೇ ಇಲ್ಲ, ಬೇಕಂತಲೇ ಹಾಗೆ ಕಟ್ಟಿದ್ದಾರೆ. ಓಡಿಸಿಬಿಡ್ತೀನಿ.

ಇದು ಸ್ನಾರ್ಕ್ಲಿಂಗಿಗೆ, ಅಂದ್ರೆ ಮಾಸ್ಕ್ ಹಾಕ್ಕೊಂಡು ತೇಲ್ತಾ ನೀರೊಳಗೆ ನೋಡೋಕೆ ಹೊರಟ ಬೋಟು. ನಾವಿಬ್ಬರೂ ಸೇರಿ ಹನ್ನೆರಡು ಜನ. ಹತ್ತುವಾಗಲೇ ಗೈಡ್ ಹೇಳಿದ್ದು ಒಂದೇ ಮಾತು: ಸನ್‌ಸ್ಕ್ರೀನ್ ಹಚ್ಚಿಕೊಂಡು ನೀರಿಗೆ ಇಳಿಯೋ ಹಾಗಿಲ್ಲ. ಈ ಹವಳದ ದಂಡೆಗಳೆಲ್ಲ 1996ರಿಂದ ರಾಷ್ಟ್ರೀಯ ಉದ್ಯಾನ, ಸನ್‌ಸ್ಕ್ರೀನಲ್ಲಿರೋ ರಾಸಾಯನಿಕ ಹವಳಕ್ಕೆ ವಿಷ ಅಂತೆ. ನಾನು ಮೊದಲೇ ಓದಿಕೊಂಡು ಉದ್ದ ತೋಳಿನ ಈಜುಡುಪು ತಂದಿದ್ದೆ. ಇವರು ತಂದಿರಲಿಲ್ಲ. 'ಒಂದು ದಿನದ ಬಿಸಿಲಿಗೆ ಏನಾಗುತ್ತೆ ಬಿಡೇ' ಅಂದ್ರು. ಆ ಬೆನ್ನಿನ ಕಥೆ ಆಮೇಲೆ ಬರುತ್ತೆ.

ನೀರಿನ ಬಣ್ಣ ನೋಡಿ ಒಂದ್ಸಲ. ನಾನೇನೂ ಎಡಿಟ್ ಮಾಡಿಲ್ಲ, ಆಣೆ. ಇಡೀ ದ್ವೀಪ ಸುಣ್ಣಕಲ್ಲು. ಮೇಲೆ ಹರಿಯೋ ಹೊಳೆ ಅಂತ ಒಂದೂ ಇಲ್ಲ, ಬಿದ್ದ ಮಳೆಯೆಲ್ಲ ಕಲ್ಲೊಳಗೆ ಇಂಗಿ ಹೋಗುತ್ತೆ. ಮಣ್ಣು ತಂದು ಸಮುದ್ರಕ್ಕೆ ಸುರಿಯೋ ನದಿಯೇ ಇಲ್ಲ ಅಂದ್ಮೇಲೆ ನೀರು ಕದಡೋದು ಹೇಗೆ? ಅದೂ ನಾವಿರೋದು ಪಶ್ಚಿಮದ ಕಡೆ. ಪೂರ್ವದ ಕಡೆ ಅಲೆ ಜೋರು, ಜೊತೆಗೆ ಸರ್ಗಾಸಂ ಅಂತ ಕಂದು ಬಣ್ಣದ ಪಾಚಿ ರಾಶಿ ರಾಶಿ ಬಂದು ಬೀಳುತ್ತೆ. 2011ರಿಂದೀಚೆಗೆ ಕೆರಿಬಿಯನ್‌ಗೆಲ್ಲ ಅದೇ ತಲೆನೋವು. ಕೊಳೆತ್ರೆ ಮೊಟ್ಟೆ ಕೆಟ್ಟ ವಾಸನೆ... ಅಯ್ಯೋ, ಬೋಟು ನಿಂತೇಬಿಡ್ತು.

ಇದು ಪಲಂಕಾರ್ ಅನ್ನೋ ಹವಳದ ದಂಡೆ. ಈಗ ಬರುತ್ತೆ ನೋಡಿ ಇವತ್ತಿನ ಅಸಲಿ ವಿಷಯ. ಮೀಸೆ.

ನಮ್ಮೆಜಮಾನ್ರ ಮೀಸೆ ನೀವೆಲ್ಲ ನೋಡಿದ್ದೀರ. ಮದುವೆ ಫೋಟೋದಲ್ಲೂ ಇದೆ. ಅಂಥ ಮೀಸೆ ಇಟ್ಕೊಂಡು ಮಾಸ್ಕ್ ಹಾಕಿದ್ರು, ಧುಮುಕಿದ್ರು, ಹತ್ತು ಸೆಕೆಂಡಿಗೆ ಮೇಲೆ ಬಂದ್ರು. ಮೂಗಿನ ತನಕ ನೀರು. ಖಾಲಿ ಮಾಡಿದ್ರು, ಪಟ್ಟಿ ಬಿಗಿ ಮಾಡಿದ್ರು, ಮತ್ತೆ ಮುಳುಗಿದ್ರು, ಮತ್ತೆ ನೀರು. ಮೂರನೇ ಸಲ ಪಟ್ಟಿ ಎಷ್ಟು ಬಿಗಿ ಮಾಡಿದ್ರು ಅಂದ್ರೆ ಕಣ್ಣುಗುಡ್ಡೆ ಹೊರಗೆ ಬರೋದೊಂದು ಬಾಕಿ. 'ರೀ, ಮೂಗಿಂದ ಉಸಿರಾಡ್ತಿದ್ದೀರ' ಅಂದೆ. 'ನಾನೆಲ್ಲೇ ಆಡ್ತಿದ್ದೀನಿ, ಈ ಮಾಸ್ಕೇ ತೂತು ಕಣೇ' ಅಂದ್ರು. ಗೈಡ್ ಬೇರೆ ಮಾಸ್ಕ್ ಕೊಟ್ಟ. ಅದೂ ತೂತಂತೆ. ಇನ್ನೊಂದು ಕೊಟ್ಟ. ಅದೂ! ಇವರ ಮುಖಕ್ಕೆ ಬಂದ ತಕ್ಷಣ ಎಲ್ಲ ಮಾಸ್ಕೂ ತೂತು ಬೀಳುತ್ತೆ ನೋಡಿ.

ಆಗ ಗೈಡ್ ಏನೂ ಮಾತಾಡದೆ ತನ್ನ ಹೆಬ್ಬೆರಳು ತಗೊಂಡು ಮೂಗಿನ ಕೆಳಗೆ ಎಡದಿಂದ ಬಲಕ್ಕೆ ಎಳೆದು ತೋರಿಸಿದ. ಬೋಳಿಸು ಅಂತ! ಮಾಸ್ಕಿನ ಅಂಚಲ್ಲಿ ಮೆತ್ತಗಿನ ಸಿಲಿಕೋನ್ ಇರುತ್ತಲ್ಲ, ಅದು ಚರ್ಮಕ್ಕೆ ಒತ್ತಿ ಕೂತ್ರೆ ಮಾತ್ರ ನೀರು ತಡೆಯುತ್ತೆ. ನಡುವೆ ಕೂದಲು ಬಂದ್ರೆ ಒಂದೊಂದು ಕೂದಲ ಪಕ್ಕದಲ್ಲೂ ಒಂದೊಂದು ಸಣ್ಣ ಕಾಲುವೆ. ಪಟ್ಟಿ ಬಿಗಿ ಮಾಡಿದಷ್ಟೂ ಅಂಚು ಸೊಟ್ಟಗಾಗಿ ಇನ್ನೂ ಜಾಸ್ತಿ ನುಗ್ಗುತ್ತೆ. ಮೀಸೆಯವರು ಪೂರ್ತಿ ಬೋಳಿಸಬೇಕಾಗಿಲ್ಲವಂತೆ, ಮೂಗಿನ ಬುಡದಲ್ಲಿ ಸಣ್ಣ ಪಟ್ಟಿಯಷ್ಟು ತೆಗೆದ್ರೆ ಸಾಕಂತೆ. ಇವರು ಮುಖ ಆ ಕಡೆ ತಿರುಗಿಸಿದ್ರು.

ನಾನು ಬ್ಯಾಗಿಂದ ಲಿಪ್ ಬಾಮ್ ತೆಗೆದೆ, ಮೀಸೆಗೆ ಮೆತ್ತಿದ್ರೆ ಸಂದಿ ಮುಚ್ಚುತ್ತಲ್ಲ ಅಂತ. ಗೈಡ್ ತಲೆ ಅಲ್ಲಾಡಿಸಿದ. ಕ್ರೀಮ್ ಅಂದ್ರೆ ಕ್ರೀಮೇ, ನೀರಿಗೆ ಬೇಡ. ನ್ಯಾಯವೇ. ಕೊನೆಗೆ ಅವನೇ ಉಪಾಯ ಹೇಳಿಕೊಟ್ಟ. ಪಟ್ಟಿ ಸಡಿಲ ಮಾಡು. ನೀರು ತುಂಬಿದಾಗ ಮಾಸ್ಕಿನ ಮೇಲಂಚು ಹಣೆಗೆ ಒತ್ತಿಹಿಡಿದು ಮೂಗಿಂದ ಜೋರಾಗಿ ಗಾಳಿ ಬಿಡು, ಕೆಳಗಿಂದ ನೀರು ಹೊರಟುಹೋಗುತ್ತೆ. ಮತ್ತೆ ಮುಖ್ಯವಾಗಿ, ನಗಬೇಡ. ನಕ್ಕರೆ ಕೆನ್ನೆ ಮೇಲೆ ಗೆರೆ ಬೀಳುತ್ತೆ, ಗೆರೆಯಲ್ಲಿ ನೀರು ಬರುತ್ತೆ.

ಹಾಗಾಗಿ ಇಲ್ಲಿಂದ ಮುಂದೆ ನೀರೊಳಗಿನ ಎಲ್ಲ ಶಾಟಲ್ಲೂ ಇವರು ಕೋರ್ಟಿಗೆ ಹಾಜರಾದವರ ಥರ ಇದ್ದಾರೆ. ಜಗಳ ಆಗಿಲ್ಲ, ದಯವಿಟ್ಟು ಕಾಮೆಂಟಲ್ಲಿ ಕೇಳ್ಬೇಡಿ. ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಇಲ್ಲಿ ಜಟ್ಟಿ ಮುಳುಗಿದ್ದೇ ಮೀಸೆಯಿಂದ.

ಸರಿ, ಮೀನು ನೋಡಿ, ಮೀನು ನೋಡಿ! ನೀಲಿ ಹಸಿರು ಬಣ್ಣದ್ದು ಗಿಳಿಮೀನು. ಇಲ್ಲಿ ಮ್ಯೂಸಿಕ್ ಹಾಕಿಲ್ಲ, ಕಿವಿಗೊಟ್ಟು ಕೇಳಿ... ಕರಕರ ಅಂತಿದ್ಯಾ? ಚಕ್ಲಿ ಕಡಿದ ಹಾಗೆ? ಅದು ಹವಳದ ಮೇಲಿನ ಪಾಚಿಯನ್ನ ಕಲ್ಲು ಸಮೇತ ಕೆರೆದು ತಿನ್ನೋ ಸದ್ದು. ತಿಂದ ಕಲ್ಲು ಆ ಕಡೆಯಿಂದ ಮರಳಾಗಿ ಹೊರಗೆ ಬರುತ್ತೆ. ಬೀಚಲ್ಲಿ ಎಲ್ಲರೂ ಮುಖ ಒರಗಿಸಿ ಮಲಗ್ತಾರಲ್ಲ ಆ ಬಿಳೀ ಮರಳು, ಅದರಲ್ಲಿ ಒಂದು ಪಾಲು ಇದೇ. ಹೇಳಬಾರದಿತ್ತೇನೋ.

ಇಲ್ಲಿ ಈಜೋದೇ ಬೇಡ. ಪ್ರವಾಹ ತಾನಾಗಿ ಹೊತ್ಕೊಂಡು ಹೋಗುತ್ತೆ, ಬೋಟು ಹಿಂದೆ ಬಂದು ಮುಂದೆಲ್ಲೋ ಎತ್ಕೊಳ್ಳುತ್ತೆ. ಲೈಫ್ ಜಾಕೆಟ್ ಹಾಕಿ ಮುಖ ಕೆಳಗೆ ಮಾಡಿ ಮಲಗಿದ್ರೆ ಆಯ್ತು. ನಾನು ಶುರುವಲ್ಲಿ ಇದೇನು ಸ್ನಾರ್ಕ್ಲಿಂಗು, ಬರೀ ತೇಲೋದು ಅಂತ ಗೊಣಗಿದ್ದೆ. ವಾಪಸ್ ತಗೊಂಡೆ. ಒಂದು ಕಡೆ ಮೆದುಳಿನ ಹಾಗೆ ಸುರುಳಿ ಸುರುಳಿ ಹವಳ, ಹಂಡೆಯಷ್ಟು ದೊಡ್ಡದು. ನೀರೊಳಗೆ ಮಾಸ್ಕಿನ ಗಾಜಿಂದ ನೋಡಿದ್ರೆ ಎಲ್ಲ ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತೆ, ಅದನ್ನ ಕಳೆದ್ರೂ ಒಳ್ಳೇ ಕೊಳಗದಷ್ಟಾದ್ರೂ ಇತ್ತು. ಅದರ ಅರ್ಧ ಮೈ ಬಿಳಿಚಿಕೊಂಡಿತ್ತು. 2018ರಲ್ಲಿ ಈ ಕಡಲಿಗೆ ಒಂದು ಹವಳದ ರೋಗ ಬಂತು, ಜೀವವಿರೋ ಪದರವನ್ನೇ ತಿಂದುಹಾಕುತ್ತೆ, ಬಿಳೀ ಸುಣ್ಣ ಉಳಿಯುತ್ತೆ. 2019ರಲ್ಲಿ ಈ ಪಲಂಕಾರ್, ಕೊಲಂಬಿಯಾ ಅನ್ನೋ ಇನ್ನೊಂದು ದಂಡೆ, ನಾವು ಮುಂದೆ ಹೋಗೋ ಎಲ್ ಸಿಯೆಲೊ ಮೂರನ್ನೂ ಕೆಲವು ಕಾಲ ಜನರಿಗೆ ಮುಚ್ಚಿದ್ರು. ಬಿಳೀ ಬಣ್ಣ ನೋಡಿ ಚೆನ್ನಾಗಿದೆ ಅಂದ್ಕೊಂಡು ನಾನು ಇಡೀ ಒಂದು ನಿಮಿಷ ಶೂಟ್ ಮಾಡಿದ್ದೀನಿ. ಗೊತ್ತಾಗಿದ್ದು ಬೋಟಿಗೆ ಬಂದ್ಮೇಲೆ.

ಇದು ಎಲ್ ಸಿಯೆಲೊ. ಅಂದ್ರೆ ಆಕಾಶ. ಆಕಾಶದಲ್ಲಿ ಇಷ್ಟೊಂದು ಬೋಟುಗಳು! ನೀರು ಸೊಂಟದ ಮೇಲಕ್ಕೆ, ಅಷ್ಟೇ. ಸ್ಪೀಕರ್ ಹಾಕ್ಕೊಂಡು ಕುಣಿಯೋರು, ಗ್ಲಾಸ್ ಹಿಡಿದು ತೇಲೋರು. ಸಂತೆ ಇದ್ದಂಗಿತ್ತು, ದಂಡ, ಬರಲೇಬಾರದಿತ್ತು ಅಂತ ನಾನು ರೆಕಾರ್ಡ್ ಮಾಡಿಯೂ ಇದ್ದೀನಿ, ಕೇಳಿಸ್ತಾ? ಆಮೇಲೆ ಸ್ವಲ್ಪ ಆಚೆ ಹೋದ್ವಿ. ಅಲ್ಲಿ ಮರಳ ಮೇಲೆ ಅಂಗೈ ಅಗಲದ ನಕ್ಷತ್ರಮೀನು, ಕಿತ್ತಳೆ ಬಣ್ಣ, ಮೈಮೇಲೆ ಬಲೆ ಹೆಣೆದ ಹಾಗೆ ಉಬ್ಬುಗೆರೆ. ಸುಮ್ಮನೆ ಬಿದ್ದಿದೆ ಅನ್ಸುತ್ತೆ. ಹತ್ತಿರದಿಂದ ಐದು ನಿಮಿಷ ನೋಡ್ತಾ ಇದ್ರೆ ಒಂದು ತೋಳಿನ ತುದಿ ಮೆಲ್ಲಗೆ ಮೇಲೆದ್ದು ಮತ್ತೆ ಮರಳಿಗೆ ಇಳಿಯಿತು. ನಾನು ಉಸಿರೇ ಬಿಡಲಿಲ್ಲ. ಆಯ್ತಪ್ಪ, ಬಂದಿದ್ದು ದಂಡ ಅಲ್ಲ. ಮುಟ್ಟೋ ಹಾಗಿಲ್ಲ, ನೀರಿಂದ ಎತ್ತೋ ಹಾಗಂತೂ ಇಲ್ಲವೇ ಇಲ್ಲ. ಅದು ಉಸಿರಾಡೋದು ನೀರಿಂದಲೇ. ಫೋಟೋಗೆ ಅಂತ ಮೇಲೆತ್ತಿದ್ರೆ ನಮ್ಮ ಮೂಗು ಬಾಯಿ ಮುಚ್ಚಿ 'ಸ್ಮೈಲ್ ಪ್ಲೀಸ್' ಅಂದ ಹಾಗೆ.

ಬೋಟಲ್ಲಿ ಸೆವಿಚೆ ಕೊಟ್ರು. ನಿಂಬೆರಸದಲ್ಲಿ ನೆನೆಸಿದ ಹಸಿ ಮೀನು. ಅರ್ಧ ಗಂಟೆ ಮುಂಚೆ ತಾನೇ ಅಯ್ಯೋ ಬಂಗಾರ ಅಂತ ಕೊಂಡಾಡಿದ ಮೀನಿನ ನೆಂಟರನ್ನ ತಿನ್ನೋದಾ ಅನ್ನಿಸ್ತು. ತಿಂದೆ.

ಬೀಚು. ಇಲ್ಲಿ ಇವರು ಮೆನು ನೋಡಿ ಬೆಚ್ಚಿಬಿದ್ದ ಮುಖ ನಿಲ್ಲಿಸಿ ತೋರಿಸ್ತೀನಿ. ಟಾಕೊ ಮುಂದೆ ಡಾಲರ್ ಚಿಹ್ನೆ ಹಾಕಿ 180 ಅಂತ ಬರೆದಿತ್ತು. ಮೆಕ್ಸಿಕೋದ ದುಡ್ಡು ಪೆಸೊಗೂ ಅದೇ ಚಿಹ್ನೆ ಅಂತ ಇವರಿಗೆ ಗೊತ್ತಿರಲಿಲ್ಲ. ನಾವು ಹೋದಾಗ ಡಾಲರಿಗೆ 18 ಪೆಸೊ ಆಸುಪಾಸು ಇತ್ತು, ಅಂದ್ರೆ ಹತ್ತು ಡಾಲರ್. ಹತ್ತೂ ಜಾಸ್ತಿಯೇ, ಆದ್ರೆ 180ರಿಂದ ಇಳಿದು ಬಂದವರಿಗೆ ಪುಕ್ಕಟೆ ಅನ್ಸಿ ಎರಡು ಪ್ಲೇಟ್ ತರಿಸಿದ್ರು.

ತಿಂದು ಮಲಗಿದ್ವಿ. ಇವರು ಬೋರಲು, ಯಾಕಂದ್ರೆ ಬೆನ್ನು ಅಷ್ಟೊತ್ತಿಗೆ ಸೀಗಡಿ ಬಣ್ಣ. 'ಈಗಿನ್ನೂ ಮೂರು ಗಂಟೆ, ನಾಲ್ಕೂವರೆಗೆ ತಾನೇ ಹಡಗು ಹತ್ತಬೇಕಿರೋದು' ಅಂದ್ರು ಫೋನ್ ನೋಡಿ. ನಾನು ಕೈಗಡಿಯಾರ ನೋಡಿದೆ. ನಾಲ್ಕು! ದಡಕ್ಕೆ ಕಾಲಿಟ್ಟ ಕೂಡ್ಲೇ ಫೋನು ಅಲ್ಲಿನ ಟವರ್ ಹಿಡಿದು ಒಂದು ಗಂಟೆ ಹಿಂದೆ ಹೋಗಿದೆ. ಕೊಜುಮೆಲ್ ಇರೋ ರಾಜ್ಯದವರು 2015ರಿಂದ ವರ್ಷಪೂರ್ತಿ ಒಂದೇ ಸಮಯ ಇಟ್ಕೊಂಡಿದ್ದಾರೆ, ಮಯಾಮಿಯಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ತಿರುಗಿಸ್ತಾರೆ. ನಮ್ಮ ಹಡಗು ಮಯಾಮಿ ಗಂಟೆಯಲ್ಲೇ ಇತ್ತು. ಚಳಿಗಾಲದಲ್ಲಿ ಬಂದಿದ್ರೆ ಎರಡೂ ಒಂದೇ. ನಾವು ಜುಲೈಯಲ್ಲಿ ಬಂದಿದ್ವಿ.

ಇಲ್ಲಿಂದ ಶೂಟ್ ಇಲ್ಲ. ಈ ಕಪ್ಪು ಪರದೆ ನನ್ನ ಬ್ಯಾಗಿನ ಒಳಗೆ. ಓಡೋ ಸದ್ದು, ಟ್ಯಾಕ್ಸಿ ಬಾಗಿಲ ಸದ್ದು, ಮತ್ತೆ ಓಡೋ ಸದ್ದು, 'ರೀ ಚಪ್ಪಲಿ' ಅಂದಿದ್ದು ನಾನು, 'ಹೋಗ್ಲಿ ಬಾರೇ' ಅಂದಿದ್ದು ಇವರು. ನಾಲ್ಕು ಇಪ್ಪತ್ತಕ್ಕೆ ಹತ್ತಿದ್ವಿ. ಇವರ ಕಾಲಲ್ಲಿ ಒಂದೇ ಚಪ್ಪಲಿ.

ಇದು ರಾತ್ರಿ, ರೂಮು. ನಾಳೆ ಬೆಳಗಾದ್ರೆ ಇನ್ನೊಂದು ಬಂದರು, ಅಲ್ಲೂ ಸ್ನಾರ್ಕ್ಲಿಂಗಿಗೆ ದುಡ್ಡು ಕಟ್ಟಿಯಾಗಿದೆ. ಆ ಮುಚ್ಚಿದ ಬಾಗಿಲು ಬಾತ್‌ರೂಮಿಂದು. ಇಪ್ಪತ್ತು ನಿಮಿಷದ ಹಿಂದೆ ನನ್ನ ಹೊಲಿಗೆ ಡಬ್ಬಿಯ ಸಣ್ಣ ಕತ್ತರಿ ಇಸ್ಕೊಂಡು ಒಳಗೆ ಹೋದ್ರು. ಇನ್ನೂ ಬಂದಿಲ್ಲ. ರೀ? ರೀ, ಕ್ಯಾಮೆರಾ ಆನ್ ಇದೆ, ಬನ್ನಿ ಹೊರಗೆ.