ಗೆದ್ದೆತ್ತಿನ ಬಾಲ

ಕೇಳುಗರಿಗೆ ನಮಸ್ಕಾರ. ದುಡ್ಡು ಹಾಕಿ ಗೆಲ್ಲುವುದರಲ್ಲಿ ಅದೃಷ್ಟವೆಷ್ಟು, ಧೈರ್ಯವೆಷ್ಟು ಎಂಬುದು ಇವತ್ತಿನ ಮಾತು.

2023ರ ಜುಲೈ ತಿಂಗಳಲ್ಲಿ ಕೋಲಾರದ ಎಪಿಎಂಸಿ ಮಾರುಕಟ್ಟೆ ಹೇಗಿತ್ತೆಂದು ನಿಮಗೆಲ್ಲ ನೆನಪಿರುತ್ತದೆ. 15 ಕೆ.ಜಿ. ಟೊಮೆಟೊ ಬಾಕ್ಸು ಹರಾಜಿನಲ್ಲಿ 2,000 ರೂಪಾಯಿ ದಾಟಿತು. ಆ ಸೀಸನ್ನಿನಲ್ಲಿ ಸಾಲ ತೀರಿಸಿದವರು, ಟ್ರ್ಯಾಕ್ಟರ್ ತಂದವರು ನಮ್ಮ ನಡುವೆಯೇ ಇದ್ದಾರೆ. ಅವರ ಬಗ್ಗೆ ಟೀ ಅಂಗಡಿಗಳಲ್ಲಿ ಎರಡು ಬಗೆಯ ಮಾತು. “ಯೋಗ ಕಣಪ್ಪ, ಕೂಡಿ ಬಂತು” ಅನ್ನುವವರು ಕೆಲವರು. “ಯೋಗವೂ ಇಲ್ಲ, ಏನೂ ಇಲ್ಲ, ಅದಕ್ಕೆ ಗುಂಡಿಗೆ ಬೇಕು” ಅನ್ನುವವರು ಇನ್ನು ಕೆಲವರು.

ನಾಟಿ ಮಾಡಿದ ಎರಡು, ಎರಡೂವರೆ ತಿಂಗಳಿಗೆ ಟೊಮೆಟೊ ಕೊಯ್ಲಿಗೆ ಬರುತ್ತದೆ. ಅಂದರೆ ಆ ಜುಲೈನಲ್ಲಿ ಹಣ್ಣು ತಂದವರು ಸಸಿ ನೆಟ್ಟದ್ದು ಏಪ್ರಿಲ್ ಕೊನೆಗೋ ಮೇ ಮೊದಲಿಗೋ. ಆಗ ಬೆಲೆಯೇ ಇರಲಿಲ್ಲ. ಬೇಸತ್ತ ಬಹಳ ಜನ ಬೇರೆ ಬೆಳೆಗೆ ಹೋಗಿದ್ದರು. ಇದ್ದ ತೋಟಗಳಿಗೂ ಬಿಸಿಲು, ಎಲೆ ಮುಟುರು ರೋಗ. ಮಾಲು ಕಡಿಮೆಯಾಯಿತು, ಬೆಲೆ ಏರಿತು. ಬೆಲೆಯಿಲ್ಲದಾಗ ನೆಟ್ಟದ್ದು ಧೈರ್ಯ, ಒಪ್ಪೋಣ. ಆದರೆ ಒಂದೂವರೆ ತಿಂಗಳು ತಡವಾಗಿ ನೆಟ್ಟವರನ್ನು ನೋಡಿ. ಅದೇ ಕೆಂಪು ಮಣ್ಣು, ಅದೇ ಡ್ರಿಪ್ಪು, ಅದೇ ಲಕ್ಷಗಟ್ಟಲೆ ಖರ್ಚು. ಅವರ ಹಣ್ಣು ಮಂಡಿಗೆ ಬರುವಷ್ಟರಲ್ಲಿ ಬೆಲೆ ನೆಲ ಕಚ್ಚಿತ್ತು. ಅವರಿಗೆ ನಾವು ಕೊಟ್ಟ ಬಿರುದು ಆಸೆಬುರುಕರು ಅಂತ. ಗೆದ್ದರೆ ಗುಂಡಿಗೆ, ಸೋತರೆ ದುರಾಸೆ. ಫಲ ನೋಡಿಕೊಂಡು ಆಮೇಲೆ ಹೆಸರಿಡುವುದು ನಮ್ಮ ಅಭ್ಯಾಸ.

ಷೇರು, ಹೂಡಿಕೆ ಎಂದಾಗಲೂ ಹೀಗೇ ಆಗುತ್ತದೆ. ದೂರ ಹೋಗಬೇಕಿಲ್ಲ, ಕೋಲಾರದ ಚಿನ್ನದ ಗಣಿಗಳ ಊರು ಕೆಜಿಎಫ್ ಕಡೆಗೆ ಬನ್ನಿ.

1880ರ ಸುಮಾರಿಗೆ ಲಂಡನ್ನಿನಲ್ಲಿ ಭಾರತದ ಚಿನ್ನದ ಹುಚ್ಚು ಹಿಡಿದಿತ್ತು. ವಯನಾಡಿನ ಕಡೆ ಚಿನ್ನ ತೆಗೆಯುತ್ತೇವೆಂದು ಹತ್ತಾರು ಕಂಪನಿಗಳು ಷೇರು ಮಾರಿದವು. ಹೆಚ್ಚುಕಡಿಮೆ ಎಲ್ಲವೂ ಮುಳುಗಿದವು. ಅದೇ ಹೊತ್ತಿಗೆ, ಅದೇ ಪೇಟೆಯಲ್ಲಿ, ಕೋಲಾರದ ನೆಲ ತೋಡಲು ಮೈಸೂರು ಚಿನ್ನದ ಗಣಿ ಕಂಪನಿಯೂ ಹುಟ್ಟಿತು. ಕೆಲವು ವರ್ಷ ತೋಡಿದರೂ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಬಂಡವಾಳ ಕರಗಿತು, ಷೇರಿನ ಬೆಲೆ ಪೆನ್ನಿಗಳಿಗೆ ಇಳಿಯಿತು. ಬಾಗಿಲು ಹಾಕಿ ಉಳಿದದ್ದನ್ನು ಹಂಚಿಕೊಳ್ಳೋಣ ಎಂದವರೂ ಇದ್ದರು. ಕೊನೆಗೆ ಷೇರುದಾರರು, ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಸಂಸ್ಥೆಯ ಮಾತು ಕೇಳಿ ಉಳಿದ ಹಣವನ್ನೂ ಗಣಿಗೇ ಸುರಿದರು. ಪ್ಲಮ್ಮರ್ ಎಂಬ ಗಣಿಗಾರ ಹಿಂದಿನ ಕಾಲದವರು ತೋಡಿ ಬಿಟ್ಟಿದ್ದ ಗುಂಡಿಗಳಿಗಿಂತ ಕೆಳಕ್ಕೆ ಇಳಿದ. ಚಾಂಪಿಯನ್ ಎಂದು ಹೆಸರಾದ ಚಿನ್ನದ ಪದರ ಸಿಕ್ಕಿತು. ಆಮೇಲೆ ಆ ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿ, 2001ರ ಫೆಬ್ರವರಿ 28ರವರೆಗೆ ನಡೆದವು.

ಈ ಕಥೆಯನ್ನು ಛಲದ ಕಥೆ ಎಂದೇ ಹೇಳುತ್ತಾರೆ. ಛಲ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ವಯನಾಡಿಗೆ ದುಡ್ಡು ಹಾಕಿದವರ ಛಲವೇನು ಕಡಿಮೆಯೇ? ಪದರ ಇನ್ನಷ್ಟು ಆಳದಲ್ಲಿದ್ದು, ದುಡ್ಡು ಮೊದಲೇ ಮುಗಿದಿದ್ದರೆ ಪ್ಲಮ್ಮರನ ಹೆಸರು ಯಾರಿಗೂ ಗೊತ್ತಿರುತ್ತಿರಲಿಲ್ಲ.

ಇದರಲ್ಲಿ ನನಗೆ ಹೆಚ್ಚು ಇಷ್ಟವಾಗುವವನು ಲ್ಯಾವೆಲ್. ಹೌದು, ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಹೆಸರು ಕೊಟ್ಟವನೇ. 1875ರಲ್ಲಿ ಕೋಲಾರದಲ್ಲಿ ಗಣಿ ಅಗೆಯಲು ಪರವಾನಗಿ ಪಡೆದ ಈ ಐರಿಷ್ ಸೈನಿಕ, ಎರಡೇ ವರ್ಷಕ್ಕೆ ತನ್ನ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂದು ಜನ ಅವನಿಗಾಗಿ ಮರುಗುತ್ತಾರೆ. ನಾನು ಮರುಗುವುದಿಲ್ಲ. ಆಮೇಲೆ ದೊಡ್ಡ ಕಂಪನಿಯೇ ತತ್ತರಿಸಿದ ಕೆಲಸ ಅದು, ಒಬ್ಬನ ಜೇಬಿಗೆ ತಡೆಯುವಂಥದ್ದಲ್ಲ. ಎಷ್ಟು ಕಳೆದುಕೊಂಡರೆ ತಾನು ಉಳಿಯುತ್ತೇನೆಂಬ ಲೆಕ್ಕ ಅವನಿಗಿತ್ತು ಎಂದೇ ನನ್ನ ಎಣಿಕೆ.

ಈಗ ಮೊಬೈಲಿನ ಕಾಲಕ್ಕೆ ಬರೋಣ. ಷೇರಿನ ಬೆಲೆ ಮುಂದೆ ಏರುತ್ತದೋ ಇಳಿಯುತ್ತದೋ ಎಂದು ಪಣ ಕಟ್ಟುವಂಥ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರದ ಬಗ್ಗೆ 2024ರ ಸೆಪ್ಟೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಒಂದು ಅಧ್ಯಯನ ಹೊರತಂದಿತು. 2021-22ರಿಂದ ಮೂರು ಹಣಕಾಸು ವರ್ಷಗಳಲ್ಲಿ ಇದಕ್ಕೆ ಕೈ ಹಾಕಿದ ಬಿಡಿ ವ್ಯವಹಾರಸ್ಥರಲ್ಲಿ ನೂರಕ್ಕೆ 93 ಮಂದಿಗೆ ನಷ್ಟ. ಕಳೆದುಕೊಂಡದ್ದು ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಉಳಿದ ಏಳು ಮಂದಿಯಲ್ಲಿ ಒಬ್ಬಿಬ್ಬರು ಸಾಕು, ಲಾಭದ ಚಿತ್ರ ಹಾಕಿ ಪಾಠ ಹೇಳಲು ಶುರು ಮಾಡುತ್ತಾರೆ. ಸೋತ 93 ಮಂದಿ ಮನೆಯಲ್ಲೂ ಬಾಯಿ ಬಿಡುವುದಿಲ್ಲ. ಗೆದ್ದೆತ್ತಿನ ಬಾಲ ಹಿಡಿಯಬೇಡಿ ಎಂದರೆ ನಮ್ಮ ಹುಡುಗರು ನಗುತ್ತಾರೆ, ಇರಲಿ.

ಹಾಗಾದರೆ ಷೇರಿನ ಸಹವಾಸವೇ ಬೇಡವೇ? ಹಾಗಲ್ಲ. 2008ರ ಜನವರಿಯಲ್ಲಿ, ಮುಂಬೈ ಷೇರುಪೇಟೆಯ ಏರಿಳಿತ ತೋರಿಸುವ ಸೂಚ್ಯಂಕ ಸೆನ್ಸೆಕ್ಸ್ 21,000 ಮುಟ್ಟಿತ್ತು. ಅಕ್ಟೋಬರಿಗೆ 9,000ಕ್ಕಿಂತ ಕೆಳಗೆ ಬಿತ್ತು. 2010ರ ದೀಪಾವಳಿಗೆ ಮತ್ತೆ 21,000ದ ಆಸುಪಾಸಿಗೆ ಬಂತು. ಆ ಕುಸಿತ ಯಾವಾಗ ಬರುತ್ತದೆ, ಯಾವಾಗ ತಿರುಗುತ್ತದೆ ಅನ್ನುವುದು ಅದೃಷ್ಟದ ಪಾಲು. ಅಷ್ಟು ದಿನ ಮುಟ್ಟದೆ ಕಾಯಬಲ್ಲ ದುಡ್ಡನ್ನು ಮಾತ್ರ ಹಾಕುವುದು ನಮ್ಮ ಪಾಲು. ಸಾಲ ತಂದು ಹಾಕಿದ್ದವರು ಅಕ್ಟೋಬರಿನಲ್ಲೇ ಮಾರಬೇಕಾಯಿತು. ದೀಪಾವಳಿ ಬಂದರೂ ಅವರಿಗೆ ದಕ್ಕಲಿಲ್ಲ.

ಅದಕ್ಕೇ, ಷೇರಿಗೆ ಹಾಕಲೇ ಎಂದು ಯಾರಾದರೂ ಕೇಳಿದರೆ ನಾನು ಯಾವ ಕಂಪನಿ ಎಂದು ಕೇಳುವುದಿಲ್ಲ. ಆ ದುಡ್ಡು ಅರ್ಧಕ್ಕೆ ಇಳಿದರೆ ಮಕ್ಕಳ ಫೀಸು, ಮುಂದಿನ ನಾಟಿಯ ಖರ್ಚು ಎಲ್ಲಿಂದ ತರುತ್ತೀರಿ ಎಂದು ಕೇಳುತ್ತೇನೆ. ಉತ್ತರವಿದ್ದರೆ ಸಂತೋಷ, ತಿಂಗಳಿಗಿಷ್ಟು ಎಂದು ಹಾಕುತ್ತ ಹೋಗಿ. ಒಡವೆ ಅಡವಿಟ್ಟು ತಂದ ದುಡ್ಡಾಗಿದ್ದರೆ, ನಾಳೆ ಬೆಳಿಗ್ಗೆಯೇ ಬ್ಯಾಂಕಿಗೆ ಕಟ್ಟಿ ಒಡವೆ ಬಿಡಿಸಿಕೊಂಡು ಬನ್ನಿ.

ನಮಸ್ಕಾರ.